ಮುಚ್ಚಳ ತೆಗೆದಿದ್ದು ಯಾರು?

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೆಲವು ಶಿಕ್ಷಕರು, ಪೋಷಕರು ಮತ್ತು ಅವರ ಜೊತೆ ಬಂದಿದ್ದ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತು ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮುಗಿಸಿಬಿಡುತ್ತೇನೆ.

ಇದು ನಮ್ಮ ಮನೆಯ ಹಳೇ ಕುಕ್ಕರ್. ಅನ್ನ ಮಾಡುವ ಕೆಲಸದಿಂದ ರಿಟೈರ್ ಆಗಿದೆ. ಶಾಲೆಯಲ್ಲಿ ಬೇಕಿಂಗ್ ಯಾಕೆ ಕಲಿಸಬೇಕು ಅಂತ ನಾನು ಮಾತಾಡುವಷ್ಟರಲ್ಲಿ ಇದರಲ್ಲಿ ಒಂದು ಕೇಕ್ ಬೇಯಬೇಕು. ತಳದಲ್ಲಿ ಒಂದು ಇಂಚು ಪುಡಿ ಉಪ್ಪು ಹರಡಿದ್ದೇನೆ, ಅದರ ಮೇಲೆ ಒಂದು ಸ್ಟ್ಯಾಂಡ್. ನೀರು ಹಾಕಿಲ್ಲ. ಮುಚ್ಚಳದ ಗ್ಯಾಸ್ಕೆಟ್ ತೆಗೆದಿದ್ದೇನೆ, ವೆಯ್ಟ್ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಇದನ್ನು ದಯವಿಟ್ಟು ನೆನಪಿಡಿ, ನೀರಿಲ್ಲದ ಕುಕ್ಕರಿಗೆ ವೆಯ್ಟ್ ಹಾಕುವ ಸಾಹಸ ಬೇಡ. ನೀವೆಲ್ಲ ಕುರ್ಚಿ ಹುಡುಕುತ್ತಿದ್ದಾಗ ಹತ್ತು ನಿಮಿಷ ಇದನ್ನು ಕಾಯಿಸಿದ್ದಾಯಿತು.

ಈ ಪಾತ್ರೆಯಲ್ಲಿ 240 ಗ್ರಾಂ ಗಟ್ಟಿ ಮೊಸರು, 150 ಗ್ರಾಂ ಸಕ್ಕರೆ, 120 ಮಿಲಿ ಎಣ್ಣೆ ಕಲಸಿ ಇಟ್ಟಿದ್ದೇನೆ. ಈ ಡಬ್ಬಿಯಲ್ಲಿ 180 ಗ್ರಾಂ ಮೈದಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಈಗ ಎರಡನ್ನೂ ಸೇರಿಸುತ್ತೇನೆ. ನೋಡಿ, ಗುಳ್ಳೆ ಬರುತ್ತಿದೆ. ಮೊಸರಿನ ಹುಳಿಗೆ ಸೋಡಾ ತಾಗಿದ ಕ್ಷಣದಿಂದಲೇ ಗಾಳಿ ಹುಟ್ಟಲು ಶುರು. ಇಲ್ಲಿ ನಿಂತು ನಾನು ಸ್ವಾಗತ ಭಾಷಣ ಮಾಡಿದರೆ ಗುಳ್ಳೆಯೆಲ್ಲ ಹೊರಟುಹೋಗುತ್ತದೆ. ಅದಕ್ಕೇ ಅವಸರ. ಟಿನ್ನಿಗೆ ಸುರಿದೆ, ಕುಕ್ಕರಿನೊಳಗೆ ಇಟ್ಟೆ, ಮುಚ್ಚಿದೆ, ಉರಿ ಸಣ್ಣ ಮಾಡಿದೆ. ಈಗ ಹತ್ತೂ ಐದು. ಇನ್ನು ನಲವತ್ತು ನಿಮಿಷ ಯಾರೂ ಇದನ್ನು ಮುಟ್ಟುವ ಹಾಗಿಲ್ಲ.

ಈಗ ಮಾತು.

ನಾನು ಬೇಕಿಂಗ್ ಕಲಿತದ್ದು 1991ರಲ್ಲಿ, ಇದೇ ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಎಂಟನೇ ಕ್ಲಾಸಿನಲ್ಲಿ. ನಮಗೆ ವಾರಕ್ಕೊಮ್ಮೆ ಎಸ್‌ಯುಪಿಡಬ್ಲ್ಯೂ, ಅಂದರೆ 'ಸೋಷಿಯಲಿ ಯೂಸ್‌ಫುಲ್ ಪ್ರೊಡಕ್ಟಿವ್ ವರ್ಕ್', ಅಂತ ಒಂದು ಕೈಕೆಲಸದ ಪೀರಿಯಡ್ ಇತ್ತು. ನಿಮ್ಮಲ್ಲಿ ಕೆಲವರು ಆಗಲೇ ನಗುತ್ತಿದ್ದೀರಿ. ಹೌದು, 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಅಂತ ನಾವೂ ಆಡಿಕೊಳ್ಳುತ್ತಿದ್ದೆವು. ಪಾಪ, ಅದರ ಹಿಂದೆ ದೊಡ್ಡ ಯೋಚನೆಯೇ ಇತ್ತು. ಮಕ್ಕಳು ಕೈಕೆಲಸದ ಮೂಲಕವೇ ಕಲಿಯಬೇಕು ಅಂತ ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ಬೇರೆ ಹೆಸರಿನಲ್ಲಿ ಶಾಲೆಗೆ ತಂದಿತು. ನಮ್ಮ ಕಾಲಕ್ಕೆ ಅದು ಕರ್ಚೀಫಿಗೆ ಎಂಬ್ರಾಯ್ಡರಿ ಹಾಕುವುದು, ಇನ್‌ಲ್ಯಾಂಡ್ ಲೆಟರಿನಲ್ಲಿ ಹೂವು ಮಾಡುವುದು, ಇಲ್ಲಾ ಅಡುಗೆ, ಇಷ್ಟಕ್ಕೆ ಬಂದು ನಿಂತಿತ್ತು. ನನ್ನ ಹೊಲಿಗೆ ನೋಡಿದವರು ಯಾರೂ ನನ್ನನ್ನು ಎಂಬ್ರಾಯ್ಡರಿಗೆ ಕರೆಯಲಿಲ್ಲ.

ಅಡುಗೆ ಮಿಸ್ ಹತ್ತಿರ ಒಂದೇ ಒಂದು ರೌಂಡ್ ಓವನ್ ಇತ್ತು. ಐವತ್ತು ದಾಟಿದವರಿಗೆ ಇದು ಗೊತ್ತಿರುತ್ತದೆ. ಅಲ್ಯೂಮಿನಿಯಂ ಡಬರಿಯಂಥದ್ದು, ಮುಚ್ಚಳದ ನಡುವೆ ಗಾಜಿನ ಕಿಟಕಿ, ಬಟ್ಟೆ ಸುತ್ತಿದ ದಪ್ಪ ವೈರು. ಬಿಸಿ ಎಷ್ಟಿದೆ ಅಂತ ತೋರಿಸುವ ಗುಂಡಿ ಗಿಂಡಿ ಏನೂ ಇಲ್ಲ. ಪ್ಲಗ್ ಹಾಕಿದರೆ ಕಾಯುತ್ತದೆ, ತೆಗೆದರೆ ಆರುತ್ತದೆ. ಕಿಟಕಿಯಲ್ಲಿ ನೋಡೋಣ ಅಂದರೆ ಐದೇ ನಿಮಿಷಕ್ಕೆ ಅದಕ್ಕೆ ಆವಿ ಕವಿದುಕೊಳ್ಳುತ್ತಿತ್ತು.

ಮೊದಲ ಕೇಕ್ ಒಳಗಿಟ್ಟು ಮಿಸ್ ಸ್ಟಾಫ್ ರೂಮಿಗೆ ಹೋದರು. ನಲವತ್ತು ಹುಡುಗಿಯರು, ಒಂದು ಓವನ್, ಎಲ್ಲ ಕಡೆ ವೆನಿಲ್ಲಾ ವಾಸನೆ. ಮಿಸ್ ಬಂದು ಮುಚ್ಚಳ ತೆಗೆದಾಗ ಕೇಕಿನ ನಡುವೆ ಹಳ್ಳ. ಸೈಕಲ್ ಸೀಟಿನ ಮೇಲೆ ಯಾರೋ ಕೂತೆದ್ದು ಹೋದ ಹಾಗೆ.

ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆವು. ಅವರು ಚಾಕು ತಗೊಂಡು ಕೇಕನ್ನು ಸರಿಯಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಮುಖ ನಮ್ಮ ಕಡೆ ತಿರುಗಿಸಿ ಹಿಡಿದರು. ಅಂಚಿನಲ್ಲಿ ಸಣ್ಣ ಸಣ್ಣ ತೂತು, ಒಳ್ಳೆ ಸ್ಪಂಜಿನ ಹಾಗೆ. ನಡುವೆ ಹಳ್ಳದ ಕೆಳಗೆ ಒಂದು ಬೆರಳು ದಪ್ಪದ ಒದ್ದೆ ಪಟ್ಟಿ. ತೂತೇ ಇಲ್ಲ, ಹಾಲ್ಬಾಯಿ ಹಾಗೆ ನುಣುಪು. ಮಿಸ್ ಹೇಳಿದರು, "ಮುಚ್ಚಳ ತೆಗೆದಿದ್ದು ಯಾರು ಅಂತ ನಾನು ಕೇಳಲ್ಲ. ಆದ್ರೆ ಎಷ್ಟು ಹೊತ್ತಿಗೆ ತೆಗೆದ್ರಿ ಅಂತ ಇದು ಹೇಳ್ತಾ ಇದೆ ನೋಡ್ರಮ್ಮ. ಹದಿನೈದನೇ ನಿಮಿಷದ ಆಸುಪಾಸು. ಅಂಚು ಬೆಂದಿತ್ತು, ನಡು ಬೆಂದಿರಲಿಲ್ಲ."

ತೆಗೆದಿದ್ದು ನಾನೇ. ಮೂವತ್ತು ವರ್ಷ ದಾಟಿತು, ಈಗ ಹೇಳಬಹುದು ಅಲ್ವಾ?

ಅವತ್ತು ಮಿಸ್ ವಿವರಿಸಿದ್ದು ಇಷ್ಟು. ಹಿಟ್ಟಿನೊಳಗಿನ ಗುಳ್ಳೆಗಳು ಬಿಸಿಗೆ ಹಿಗ್ಗುತ್ತವೆ. ಸುತ್ತಲಿನ ಗೋಡೆ, ಅಂದರೆ ಹಿಟ್ಟಿನ ಪಿಷ್ಟ ಮತ್ತು ಪ್ರೋಟೀನು, ಬೆಂದು ಗಟ್ಟಿಯಾಗುವವರೆಗೆ ಆ ಗುಳ್ಳೆಗಳೇ ಕೇಕನ್ನು ಎತ್ತಿ ಹಿಡಿದಿರುತ್ತವೆ. ಸಕ್ಕರೆ ಜಾಸ್ತಿ ಇದ್ದಷ್ಟೂ ಗೋಡೆ ಗಟ್ಟಿಯಾಗುವುದು ತಡ. ಮಧ್ಯದಲ್ಲಿ ಮುಚ್ಚಳ ತೆಗೆದರೆ ಬಿಸಿ ಇಳಿಯುತ್ತದೆ, ಗುಳ್ಳೆ ಕುಗ್ಗುತ್ತದೆ, ಹಸಿ ಗೋಡೆ ಕುಸಿಯುತ್ತದೆ. ಆಮೇಲೆ ಎಷ್ಟೇ ಬೇಯಿಸಿದರೂ ಅದು ಮೇಲೆ ಬರುವುದಿಲ್ಲ.

ಮನೆಯಲ್ಲಿ ನಮ್ಮಮ್ಮನ ಅಡುಗೆ ನೋಡಿ ಬೆಳೆದ ನನಗೆ ಇದು ಹೊಸದು. ಸಾರಿಗೆ ಉಪ್ಪು ಕಮ್ಮಿ ಆದರೆ ಹಾಕಬಹುದು, ಜಾಸ್ತಿ ಆದರೆ ಒಂದು ಲೋಟ ನೀರು ಸುರಿದು ಇನ್ನೊಂದು ಕುದಿ ಕುದಿಸಬಹುದು. ಕೊನೆಗೆ ಒಗ್ಗರಣೆ ಅಂತ ಒಂದು ಬ್ರಹ್ಮಾಸ್ತ್ರ ಇದ್ದೇ ಇದೆ. ಒಲೆ ಮುಂದೆ ನಿಂತವರಿಗೆ ಕೊನೇ ನಿಮಿಷದವರೆಗೂ ತಿದ್ದುವ ಅವಕಾಶ ಇರುತ್ತದೆ. ಕೇಕಿಗೆ ಅದಿಲ್ಲ. ಬಾಗಿಲು ಮುಚ್ಚಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಾಡಿದ ತಪ್ಪೆಲ್ಲ ಒಳಗೇ ಬೆಂದು, ಕತ್ತರಿಸಿದಾಗ ಒಟ್ಟಿಗೆ ಕಾಣಿಸುತ್ತದೆ. ಶಾಲೆಯಲ್ಲಿ ಬೇಕಿಂಗ್ ಕಲಿಸಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ. ಗಣಿತದ ಲೆಕ್ಕ ತಪ್ಪಾದರೆ ಮಗುವಿಗೆ ಕಾಣುವುದು ಕೆಂಪು ಗೀಟು. ಕೇಕಿನಲ್ಲಿ ತಪ್ಪು ಎಲ್ಲಿ, ಯಾವಾಗ, ಯಾಕೆ ಆಯಿತು ಎಲ್ಲವೂ ಕಾಣುತ್ತದೆ. ಜೊತೆಗೆ ಆ ತಪ್ಪನ್ನು ತಿನ್ನಲೂಬಹುದು. ನಾವು ಅವತ್ತು ಹಾಲ್ಬಾಯಿ ಪಟ್ಟಿಯನ್ನೂ ಬಿಡಲಿಲ್ಲ.

ಈಗ ಆರು ವರ್ಷದಿಂದ ದಕ್ಷಿಣ ಬೆಂಗಳೂರಿನ ಒಂದು ಶಾಲೆಯಲ್ಲಿ ಶನಿವಾರ ಅಡುಗೆ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಏಳು, ಎಂಟನೇ ಕ್ಲಾಸಿನ ಹುಡುಗ ಹುಡುಗಿಯರು. ಮೊದಲ ದಿನ ಕೇಕ್ ಮಾಡಿಸುವುದಿಲ್ಲ. ಒಂದು ಕಪ್ಪು, ಒಂದು ಡಬ್ಬಿ ಮೈದಾ, ಒಂದು ತಕ್ಕಡಿ, ಅಷ್ಟೇ. ಒಬ್ಬೊಬ್ಬರೂ ಬಂದು ಒಂದು ಕಪ್ ಮೈದಾ ಅಳೆಯಬೇಕು, ನಾನು ತೂಕ ಹಾಕಿ ಬೋರ್ಡಿನ ಮೇಲೆ ಬರೆಯುತ್ತೇನೆ. ಚಮಚದಿಂದ ಹಗುರಾಗಿ ತುಂಬಿದವಳದ್ದು 118 ಗ್ರಾಂ. ಕಪ್ಪನ್ನೇ ಡಬ್ಬಿಯೊಳಗೆ ತುರುಕಿ, ಅಂಗೈಯಿಂದ ಒತ್ತಿ, 'ತುಂಬ್ಕೊಂಡಿದೆ ಮಿಸ್' ಅಂದವನದ್ದು 152. ಕಪ್ಪು ಅದೇ, ಮೈದಾ ಅದೇ. ಎರಡು ಕಪ್ ಹಾಕುವ ಕೇಕಿನಲ್ಲಿ ಇದು ಹತ್ತಿರ ಹತ್ತಿರ 70 ಗ್ರಾಂ ವ್ಯತ್ಯಾಸ. ಒಬ್ಬರ ಕೇಕು ಮೆತ್ತಗೆ, ಇನ್ನೊಬ್ಬರದು ರಸ್ಕಿಗೆ ತಮ್ಮ.

ಇಲ್ಲಿ ಒಂದು ಮಾತು. 'ನಮ್ಮ ಅಡುಗೆಯಲ್ಲಿ ಅಳತೆಯೇ ಇಲ್ಲ, ಎಲ್ಲ ಅಂದಾಜು' ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಾವು, ಸೇರು ಯಾಕಿತ್ತು ಹಾಗಾದರೆ? ನಾಲ್ಕು ಪಾವಿಗೆ ಒಂದು ಸೇರು ಅಂತ ನಮ್ಮಜ್ಜಿಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮೈಸೂರು ಪಾಕಿಗೆ ಒಂದೆಳೆ ಪಾಕ ಬಂತಾ ಅಂತ ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡುತ್ತೀರಲ್ಲ, ಅದು ಥರ್ಮಾಮೀಟರೇ. ಪಾಕದಲ್ಲಿ ನೀರೆಷ್ಟು ಉಳಿದಿದೆ ಅಂತ ಬೆರಳು ಓದುತ್ತಿದೆ. ಎಳೆ ಬರುವ ಮೊದಲು ಇಳಿಸಿದರೆ ಪಾಯಸ, ದಾಟಿದರೆ ಕಲ್ಲು. ಹಾಗಾಗಿ ಮಕ್ಕಳಿಗೆ ನಾನು 'ಹದ' ಅನ್ನುವ ಪದವನ್ನೇ ಬಳಸುತ್ತೇನೆ. ತಕ್ಕಡಿ ಇರುವುದು ಹದ ಬೇಗ ಕೈಗೆ ಸಿಗಲಿ ಅಂತ.

ಇದರಿಂದ ಒಂದು ಎಡವಟ್ಟೂ ಆಗಿದೆ. ಒಬ್ಬ ಹುಡುಗನ ತಾಯಿ ಫೋನ್ ಮಾಡಿದರು. "ಮೇಡಂ, ನಿಮ್ಮ ಕ್ಲಾಸಿಗೆ ಬಂದಾಗಿನಿಂದ ಮನೇಲಿ ಉಪ್ಪಿಟ್ಟಿಗೂ ರವೆ ತೂಕ ಹಾಕ್ತಾನೆ. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್ ಬರತ್ತೆ. ಸ್ವಲ್ಪ ಹೇಳ್ತೀರಾ?" ಹೇಳಿದೆ. ಅವನು ಸೀರಿಯಸ್ಸಾಗಿ ಕೇಳಿದ, "ಹಾಗಾದ್ರೆ ಅಮ್ಮಂದು ಒಂದೊಂದು ದಿನ ಗಂಟಾಗತ್ತಲ್ಲ ಮಿಸ್, ಅದ್ಯಾಕೆ?" ನನ್ನ ಹತ್ತಿರ ಉತ್ತರ ಇತ್ತು. ಕೊಡಲಿಲ್ಲ.

ಏನಮ್ಮಾ, ವಾಸನೆ ಬರುತ್ತಿದೆಯಾ? ಬರಲಿ. ತೆಗೆಯುವುದಿಲ್ಲ. ಇನ್ನೂ ಹತ್ತೂ ಇಪ್ಪತ್ತು.

ಮೊಟ್ಟೆ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬೆಂಗಳೂರಿನ ಶಾಲೆಯಲ್ಲಿ ಇದನ್ನು ದಾಟದೆ ಕೇಕ್ ಮಾಡಲು ಆಗುವುದಿಲ್ಲ. ಮೂವತ್ತೈದು ಮಕ್ಕಳಿದ್ದರೆ ಅರ್ಧ ಮನೆಗಳಲ್ಲಿ ಮೊಟ್ಟೆ ತಿನ್ನುವುದಿಲ್ಲ, ಉಳಿದ ಅರ್ಧದಲ್ಲಿ ಶನಿವಾರ ತಿನ್ನುವುದಿಲ್ಲ. ನಮ್ಮ ಕ್ಲಾಸು ಶನಿವಾರವೇ! ಈ ಊರಿಗೆ ಈ ಸಮಸ್ಯೆ ಹೊಸದಲ್ಲ. ದಂಡಿನ ಕಡೆ ಬ್ರಿಟಿಷರಿಗೆ ಬ್ರೆಡ್ಡು ಕೇಕು ಬೇಕಿತ್ತು, ಪೇಟೆ ಕಡೆಯವರಿಗೆ ಅದನ್ನು ಮುಟ್ಟಲು ಹಿಂಜರಿಕೆ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದರು. ಬ್ಯಾಂಗಲೋರ್ ಬ್ರದರ್ಸ್ ಅನ್ನುವುದರ ಗಿಡ್ಡ ರೂಪ ಅದು. ಅಯ್ಯಂಗಾರ್ ಬೇಕರಿಗಳ ಕಥೆ ಅಲ್ಲಿಂದ ಶುರುವಾಗುತ್ತದೆ. ಇನ್ನೊಂದು ಕಡೆ ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದ್ದು, ಅಲ್ಲಿನ ಲೋಕವೇ ಬೇರೆ. ಇಲ್ಲೇ ನಡೆದು ಹೋಗುವಷ್ಟು ದೂರದಲ್ಲಿರುವ ವಿ.ವಿ. ಪುರದ ವಿ.ಬಿ. ಬೇಕರಿ 1953ರಿಂದ ಇದೆ. ಮೊಟ್ಟೆ ಇಲ್ಲದೆ ಕೇಕನ್ನು ಮೆತ್ತಗೆ ಮಾಡುವುದು ಹೇಗೆ ಅನ್ನುವುದಕ್ಕೆ ನಮ್ಮ ಊರಿನ ಬೇಕರಿಗಳು ನೂರಕ್ಕೂ ಹೆಚ್ಚು ವರ್ಷ ತಲೆ ಕೆಡಿಸಿಕೊಂಡಿವೆ. ಹನಿ ಕೇಕನ್ನೇ ನೋಡಿ. ಸ್ಪಂಜು ಸ್ವಲ್ಪ ಒಣಗಿದ್ದರೂ ಸಕ್ಕರೆ ಪಾಕ, ಜೇನು ಸುರಿದು, ಮೇಲೆ ಜಾಮ್ ಸವರಿ, ಕೊಬ್ಬರಿ ಪುಡಿ ಉದುರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಜಾಣತನ ಅಂದರೆ ಇದು.

ಮೊಟ್ಟೆ ಕೇಕಿನಲ್ಲಿ ಎರಡು ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ಗಾಳಿ ಹಿಡಿದುಕೊಳ್ಳುತ್ತದೆ, ಬಿಸಿಗೆ ಗಟ್ಟಿಯಾಗಿ ಗೋಡೆಗೆ ಬಲ ಕೊಡುತ್ತದೆ, ನೀರನ್ನೂ ಎಣ್ಣೆಯನ್ನೂ ಜಗಳವಾಡದಂತೆ ಕೂರಿಸುತ್ತದೆ. ಮೊಸರು ಸೋಡಾ ಜೋಡಿ ಗಾಳಿಯನ್ನೇನೋ ಕೊಡುತ್ತದೆ, ಆದರೆ ಆ ಬಲ ಬರುವುದಿಲ್ಲ. ಅದಕ್ಕೇ ಮೊಟ್ಟೆ ಹಾಕದ ಕೇಕು ಬಿಸಿಯಲ್ಲೇ ಕತ್ತರಿಸಿದರೆ ಪುಡಿಪುಡಿ. ಪೂರ್ತಿ ಆರಲು ಬಿಡಬೇಕು. ಮಕ್ಕಳಿಗೆ ಅತಿ ಕಷ್ಟದ ಪಾಠ ಇದೇ.

ಇನ್ನು ಯೀಸ್ಟ್. ಖಾರಾ ಬನ್ ದಿನ ನನಗೆ ಹಬ್ಬ. ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು ಹೆಚ್ಚುವಾಗಲೇ ಅರ್ಧ ಶಾಲೆ ಬಾಗಿಲಲ್ಲಿ ನಿಂತಿರುತ್ತದೆ. ಹಿಟ್ಟು ಉಬ್ಬುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ, ಇಡ್ಲಿ ಹಿಟ್ಟು ನೋಡಿರುತ್ತಾರೆ. ಆದರೆ ಎರಡೂ ಒಂದೇ ಅಲ್ಲ. ಇಡ್ಲಿ ಹಿಟ್ಟನ್ನು ಹೆಚ್ಚಾಗಿ ಉಬ್ಬಿಸುವುದು ಬ್ಯಾಕ್ಟೀರಿಯಾ, ಲ್ಯೂಕೋನಾಸ್ಟಾಕ್ ಅಂತ ಅದರ ಹೆಸರು. ಅದನ್ನು ಯಾರೂ ಅಂಗಡಿಯಿಂದ ತರುವುದಿಲ್ಲ, ಬೇಳೆ ಅಕ್ಕಿಯ ಜೊತೆಗೇ ಬಂದಿರುತ್ತದೆ. ಬನ್ನಿಗೆ ಹಾಕುವ ಯೀಸ್ಟು ಶಿಲೀಂಧ್ರದ ಜಾತಿ, ಅಣಬೆಯ ದೂರದ ನೆಂಟ. ಅದು ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಈ ವಾಕ್ಯ ಹೇಳಿದ ಮೇಲೆ ಎಂಟನೇ ಕ್ಲಾಸಿನಲ್ಲಿ ಐದು ನಿಮಿಷ ಪಾಠ ನಡೆಯುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತೇನೆ.

ಒಂದು ವರ್ಷ ಒಂದು ಗುಂಪಿನ ಹಿಟ್ಟು ಉಬ್ಬಲೇ ಇಲ್ಲ. ಒಂದು ಗಂಟೆ ಆದರೂ ಸಗಣಿ ಮುದ್ದೆಯ ಹಾಗೆ ಕೂತಿತ್ತು, ಕ್ಷಮಿಸಿ, ಆ ಹೋಲಿಕೆ ಮಕ್ಕಳದ್ದೇ. ಬೈಯುವ ಬದಲು, ನಮ್ಮ ಮಿಸ್ ಮಾಡಿದಂತೆ, ಹಿಂದಕ್ಕೆ ನಡೆದುಕೊಂಡು ಹೋದೆವು. ಮೈದಾ ತೂಕ ಸರಿ. ಉಪ್ಪು ಸರಿ. ಯೀಸ್ಟ್ ಡಬ್ಬಿ ಎಲ್ಲರದ್ದೂ ಅದೇ. ನೀರು? "ಬಿಸಿ ನೀರು ಅಂದ್ರಲ್ಲ ಮಿಸ್." ಫ್ಲಾಸ್ಕಿನಿಂದ ಸೀದಾ ಸುರಿದಿದ್ದರು! ಅರವತ್ತು ಡಿಗ್ರಿ ಹತ್ತಿರ ಹೋದರೆ ಯೀಸ್ಟ್ ಸತ್ತೇ ಹೋಗುತ್ತದೆ. ತಪ್ಪು ನನ್ನದು. 'ಬಿಸಿ' ಅನ್ನುವ ಪದಕ್ಕೆ ಅಳತೆ ಇಲ್ಲ ಅಂತ ಅವತ್ತು ಗೊತ್ತಾಯಿತು. ಈಗ 'ಎಳೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬಿಸಿ' ಅನ್ನುತ್ತೇನೆ. ತಂಗಿ ತಮ್ಮ ಇರುವ ಮಕ್ಕಳು ತಕ್ಷಣ ಮೊಣಕೈ ಅದ್ದಿ ನೋಡುತ್ತಾರೆ.

ಡಿಸೆಂಬರಿನ ಚಳಿಗೆ ಇಲ್ಲಿ ಹಿಟ್ಟು ಏಳುವುದೇ ಇಲ್ಲ ಅಂತ ಗೋಳಾಡುವವರಿಗೆ ಒಂದು ಉಪಾಯ. ಓವನ್ನಿನ ದೀಪ ಮಾತ್ರ ಹಾಕಿ, ಬಿಸಿ ಹಾಕದೆ, ಒಳಗಿಡಿ. ಇಡ್ಲಿ ಹಿಟ್ಟಿಗೂ ಆಗುತ್ತದೆ.

ನಮ್ಮ ಊರಿನ ಎತ್ತರದ ಬಗ್ಗೆಯೂ ಹೇಳಬೇಕು. ಮುಂಬೈನಲ್ಲಿರುವ ನನ್ನ ನಾದಿನಿ ಅವಳ ಕೇಕಿನ ಅಳತೆ ಕಳಿಸಿದಳು. ಅಲ್ಲಿ ಗುಂಡಗೆ ಏಳುವ ಕೇಕು ಇಲ್ಲಿ ಎದ್ದು, ಟಿನ್ನಿನ ಅಂಚು ದಾಟಿ, ಆಮೇಲೆ ಕೂತುಬಿಟ್ಟಿತು. ಬೆಂಗಳೂರು ಸಮುದ್ರಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ, ನೀರು 97 ಡಿಗ್ರಿಗೇ ಕುದಿಯುತ್ತದೆ. ಮೇಲಿಂದ ಒತ್ತುವ ಗಾಳಿ ಕಮ್ಮಿ ಇದ್ದರೆ ಗುಳ್ಳೆ ಜಾಸ್ತಿ ಹಿಗ್ಗುತ್ತದೆ. ಬೇಕಿಂಗ್ ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿದೆ, ಸರಿ ಹೋಯಿತು. ಎಲ್ಲ ಹಳ್ಳಕ್ಕೂ ಇದೇ ಕಾರಣ ಅಂತಲ್ಲ, ನನ್ನ ಹಾಗೆ ಮುಚ್ಚಳ ತೆಗೆಯುವವರೂ ಇರುತ್ತಾರೆ.

ರಾಗಿ ಕೇಕ್ ಬಗ್ಗೆ ಕೇಳಬೇಕು ಅಂತ ಮುಂದಿನ ಸಾಲಿನವರು ಆಗಲೇ ಚೀಟಿ ಕಳಿಸಿದ್ದಾರೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅಂದರೆ ಗೋಧಿ ಹಿಟ್ಟನ್ನು ನಾದಿದಾಗ ಬರುವ ಆ ಎಳೆತ ಇಲ್ಲ. ಪೂರ್ತಿ ರಾಗಿ ಹಾಕಿದರೆ ಕೇಕು ಉದುರುತ್ತದೆ, ಮೈದಾ ಜೊತೆ ಅರ್ಧರ್ಧ ಹಾಕಿ. ಅದೇ ಬಿಸ್ಕತ್ತಿಗೆ ಉದುರುವುದೇ ಬೇಕಾದ ಗುಣ, ಅಲ್ಲಿ ರಾಗಿ ರಾಜ.

ಶಾಲೆಯಲ್ಲಿ ಇದನ್ನೆಲ್ಲ ನಡೆಸುವುದು ಸುಲಭ ಅಂತ ಹೇಳಿ ನಿಮ್ಮನ್ನು ಮೋಸ ಮಾಡುವುದಿಲ್ಲ. ಪೀರಿಯಡ್ ನಲವತ್ತು ನಿಮಿಷ. ಕೇಕ್ ಬೇಯುವುದಕ್ಕೇ ಅಷ್ಟು ಬೇಕು. ಬನ್ನಿನ ಹಿಟ್ಟು ಏಳಲು ಒಂದು ಗಂಟೆ, ಬೆಲ್ಲಿಗೆ ಯೀಸ್ಟ್ ಕಿವಿಗೊಡುವುದಿಲ್ಲ. ಹಾಗಾಗಿ ಶನಿವಾರ ಎರಡು ಪೀರಿಯಡ್ ಕೂಡಿಸಿ ಕೇಳಿ ಪಡೆದೆ. ಓವನ್ ಕೇಳಿದಾಗ ಮೊದಲ ಶಾಲೆಯವರು 'ಬೆಂಕಿ ಅಪಾಯ' ಅಂದರು. ಅದೇ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ಟೇಜಿನ ಮೇಲೆ ನಿಜವಾದ ಪಂಜು ಹಿಡಿದು ಮಕ್ಕಳು ಕುಣಿದರು. ಇರಲಿ. ಅವತ್ತು ಹುಟ್ಟಿದ್ದು ಈ ಕುಕ್ಕರ್ ಪದ್ಧತಿ. ಈಗಿನ ಶಾಲೆಯಲ್ಲಿ ಒಂದು ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್, ಇದೆ. ಅದರ ಗುಂಡಿ 180 ತೋರಿಸಿದರೆ ಒಳಗೆ ನಿಜವಾಗಿ ಇರುವುದು 155. ಕೆಲವು ನೂರು ರೂಪಾಯಿಯ ಓವನ್ ಥರ್ಮಾಮೀಟರ್ ತಂದು ಒಳಗಿಟ್ಟ ಮೇಲೆ ತಿಳಿದಿದ್ದು. ಅಲ್ಲಿಯವರೆಗೆ ಎರಡು ತಿಂಗಳು 'ನಮ್ಮ ಕೇಕ್ ಯಾಕೆ ಬಿಳಚಿಕೊಂಡಿದೆ' ಅಂತ ಮೈದಾವನ್ನು ಬೈದಿದ್ದೇವೆ. ನಿಮ್ಮ ಶಾಲೆಗೆ ಏನಾದರೂ ಕೊಡಿಸುವುದಿದ್ದರೆ ಮೊದಲು ತಕ್ಕಡಿ, ಆಮೇಲೆ ಈ ಥರ್ಮಾಮೀಟರ್. ಓವನ್ ಮೂರನೆಯದು. ದೊಡ್ಡವರು ಸರಿಯಾಗಿ ಕಲಿಯಬೇಕು ಅಂದರೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಘಟಕವೇ ಇದೆ, ಹೋಗಿ ವಿಚಾರಿಸಿ.

ಗಂಟೆ ಹತ್ತೂ ನಲವತ್ತೈದು. ಮುಚ್ಚಳ ತೆಗೆಯುತ್ತೇನೆ. ಕಡ್ಡಿ ಚುಚ್ಚಿದೆ... ತುದಿಗೆ ಹಿಟ್ಟು ಅಂಟಿದೆ. ಇನ್ನೂ ಐದು ನಿಮಿಷ. ಅಷ್ಟರಲ್ಲಿ ಒಂದು ಪ್ರಶ್ನೆ ತೆಗೆದುಕೊಳ್ಳಬಹುದು.

(ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ. ಮೈಕ್ರೋವೇವಿನಲ್ಲಿ ಆಗುತ್ತಾ? ಬರೀ ಮೈಕ್ರೋವೇವ್ ಆದರೆ ಕೇಕು ಬೇಯುತ್ತದೆ, ಕಂದು ಬಣ್ಣ ಬರುವುದಿಲ್ಲ. ಆ ಬಣ್ಣ, ಆ ಘಮ ಬರಬೇಕಾದರೆ ಮೇಲ್ಮೈ ನೀರಿನ ಕುದಿಬಿಂದು ದಾಟಿ ಚೆನ್ನಾಗಿ ಬಿಸಿಯಾಗಬೇಕು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಕನ್ವೆಕ್ಷನ್, ಅಂದರೆ ಒಳಗೆ ಬಿಸಿ ಗಾಳಿ ಸುತ್ತಿಸುವ ವ್ಯವಸ್ಥೆ, ಇರುವ ಮೈಕ್ರೋವೇವ್ ಆದರೆ ತೊಂದರೆ ಇಲ್ಲ ಅಂದೆ.

ಇನ್ನೂ ನಾಲ್ಕು ಪ್ರಶ್ನೆ ಬಂದವು, ಅಷ್ಟು ಹೊತ್ತು ಕೇಕು ಆರಿತು, ಪೂರ್ತಿ ಅಲ್ಲ. ಕಾಯಬೇಕು ಅಂತ ಈಗಷ್ಟೇ ಹೇಳಿದವಳು ನಾನೇ ಚಾಕು ಹಾಕಿದೆ. ಒಂದಿಷ್ಟು ಉದುರಿತು. ಹೋಳನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ತೂತುಗಳೆಲ್ಲ ಸಮವಾಗಿದ್ದವು, ಹಾಲ್ಬಾಯಿ ಪಟ್ಟಿ ಇರಲಿಲ್ಲ. ಆದರೆ ತಳದಲ್ಲಿ ಒಂದು ಕಡೆ ಕಂದು ಬಣ್ಣ ಜಾಸ್ತಿ, ಇನ್ನೊಂದು ಕಡೆ ಬಿಳಚು. ಯಾಕಿರಬಹುದು ಅಂತ ಕೇಳಿದೆ. ದೊಡ್ಡವರು ಉರಿ ಅಂದರು, ಟಿನ್ನು ಅಂದರು. ಹಿಂದಿನ ಸಾಲಿನಿಂದ ಎರಡು ಜಡೆಯ ಒಬ್ಬ ಹುಡುಗಿ ಎದ್ದು ಬಂದು, ಸ್ವಲ್ಪ ದೂರದಲ್ಲೇ ನಿಂತು ಕುಕ್ಕರಿನೊಳಗೆ ಬಗ್ಗಿ ನೋಡಿದಳು. "ಆಂಟಿ, ಉಪ್ಪು ಎಲ್ಲಾ ಈ ಕಡೆ ಸರಿದುಬಿಟ್ಟಿದೆ." ಆಟೋದಲ್ಲಿ ಬರುವಾಗ ಕುಕ್ಕರನ್ನು ಓರೆಯಾಗಿ ಹಿಡಿದುಕೊಂಡಿದ್ದೆ.)